ಆರಾಮ ಇಲ್ಲ ಅಂದರೆ ಜ್ವರ

ಬೆಳಗಿನ ಆರು ಗಂಟೆಗೆ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಅಡಿಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಾಳೆ. ಹೊರಗಿನ ಕೋಣೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತೇನೆ. ನಡುವೆ ಇರುವುದು ಒಂದು ಪರದೆ. ಸಮುದ್ರದಾಚೆಯ ದೇಶದಲ್ಲಿರುವ ನನ್ನ ಗೈಡ್‌ಗೆ ಆಗ ಹತ್ತೂವರೆ, ಎರಡನೇ ಚಹಾದ ಹೊತ್ತು. ಮೊದಲ ಭೇಟಿಯಲ್ಲೇ ಅವರು ಮಾತು ನಿಲ್ಲಿಸಿ, "ನಿಮ್ಮ ಬಾಗಿಲನ್ನು ಯಾರೋ ಬಡಿಯುತ್ತಿದ್ದಾರೆ. ನೋಡಿ ಬನ್ನಿ, ನಾನು ಕಾಯುತ್ತೇನೆ" ಎಂದರು.

ಬಾಗಿಲಲ್ಲ ಅದು, ನಮ್ಮವ್ವ ಎಂದೆ. ಅವರಿಗೆ ತಿಳಿಯಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಪರದೆ ಸರಿಸಿ ತೋರಿಸಿದೆ. ಅವ್ವ ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿ, ಪರದೇಶದ ಪ್ರೊಫೆಸರನ್ನು ನಮ್ಮ ಓಣಿಯ ಹೆಂಗಸಿನ ಹಾಗೆ ವಿಚಾರಿಸಿದಳು: "ಆರಾಮ ಅದೀರೇನ್ರಿ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನಕ್ಕು, ಆರಾಮ ಇದ್ದೇನೆ ಎಂದರು. ಅದೇ ಪದ ಮುಂದೆ ನನ್ನ ಎರಡು ವರ್ಷದ ಕೆಲಸವನ್ನು ತಲೆಕೆಳಗು ಮಾಡಿತು.

ಈ ಡಾಕ್ಟರೇಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್ ಎಂದ ಕೂಡಲೇ ಜನರ ಹುಬ್ಬು ಏರುತ್ತದೆ. ಪುಣೆಯ ಹಡಪಸರದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸಾಯಿಟಿಯ ಸೆಕ್ರೆಟರಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಮರಾಠಿಯಲ್ಲಿ ಕೇಳುತ್ತಾರೆ, "ಕಾಯ್ ಮ್ಯಾಡಮ್, ಆನ್‌ಲೈನ್ ಡಾಕ್ಟರ್? ಗೋಳ್ಯಾ ಕುರಿಯರ್‌ನೇ ಯೇಣಾರ ಕಾ?" ಗುಳಿಗೆ ಕೊರಿಯರ್‌ನಲ್ಲಿ ಬರುತ್ತವೆಯೇ ಅಂತ. ನಾನೂ ನಗುತ್ತೇನೆ. ಈ ಪದವಿಯಿಂದ ಇಲ್ಲಿ ಕಾಲೇಜಿನ ನೌಕರಿ ಸಿಗುವ ಖಾತ್ರಿಯಿಲ್ಲ ಎಂಬುದನ್ನು ಸೇರುವ ಮೊದಲೇ ಓದಿಕೊಂಡಿದ್ದೆ. ನಾನು ಶಾಲೆಯೊಂದರಲ್ಲಿ ಮಕ್ಕಳ ಸಮಾಲೋಚಕಿ. ಹಗಲಿನ ಕೆಲಸ ಬಿಡುವಂತಿರಲಿಲ್ಲ, ಅವ್ವನನ್ನು ಬಿಟ್ಟು ಬೇರೆ ಊರಿಗೆ ಹೋಗುವಂತಿರಲಿಲ್ಲ. ವಿಶ್ವವಿದ್ಯಾಲಯ ನಮ್ಮ ಮನೆಗೆ ಬರುವುದಾದರೆ ಬರಲಿ, ಕೂರಿಸಲು ಒಂದು ಖುರ್ಚಿ ಇದೆ ಎಂದುಕೊಂಡೆ.

ನಮ್ಮದು ಉತ್ತರ ಕರ್ನಾಟಕದ ಇಂಡಿ ಕಡೆಯ ಮನೆತನ. ಅಪ್ಪ ಪುಣೆಯ ಖಡಕಿಯಲ್ಲಿ ಗುತ್ತಿಗೆಯ ಹಮಾಲಿ ಮಾಡುತ್ತಿದ್ದ, ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಇಬ್ಬರ ಮನೆಯಲ್ಲೂ ನನ್ನ ಮುಂಚೆ ಹತ್ತನೆಯ ತರಗತಿ ಕಂಡವರಿಲ್ಲ. ಏಳರವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ, ಆಮೇಲೆ ಕೈಗೆ ಸಿಕ್ಕ ಇಂಗ್ಲಿಷ್. ಹನ್ನೆರಡನೆಯ ತರಗತಿಯಲ್ಲಿದ್ದಾಗ ಅಪ್ಪ ಹೋದ. ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗಿಗಳ ಕೇಸ್ ಪೇಪರ್ ಬರೆಯುವ ಕೌಂಟರಿನ ಖಿಡಕಿಯಲ್ಲಿ ನನಗೆ ಕೆಲಸ ಸಿಕ್ಕಿತು. ಬಿ.ಎ. ಅಲ್ಲಿಂದಲೇ ಕಟ್ಟಿದೆ, ಬಾಹ್ಯ ವಿದ್ಯಾರ್ಥಿಯಾಗಿ. ಪದವಿ ಪ್ರದಾನದ ದಿನ ಬಾಡಿಗೆಯ ಕಪ್ಪು ನಿಲುವಂಗಿ ತೊಟ್ಟು ಖಡಕಿಯ ನಮ್ಮ ಚಾಳಿನ ವಠಾರಕ್ಕೇ ಹೋಗಿದ್ದೆ. ಸಂಜೆ ಆರರೊಳಗೆ ವಾಪಸು ಕೊಡಬೇಕಿತ್ತು, ಆದರೂ ಹೋಗಿದ್ದೆ. ನಳದ ಮುಂದೆ ಸರದಿಯಲ್ಲಿದ್ದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ಮುಟ್ಟಿ ನೋಡಿದರು. ಆ ಹೊತ್ತಿನ ಹೆಮ್ಮೆಯನ್ನು ನಾನು ಇವತ್ತಿಗೂ ಮುಚ್ಚಿಡುವುದಿಲ್ಲ.

ಮನಶ್ಶಾಸ್ತ್ರ ನನಗೆ ಅಂಟಿಕೊಂಡದ್ದು ಆ ಆಸ್ಪತ್ರೆಯ ಖಿಡಕಿಯಲ್ಲಿಯೇ. ಕನ್ನಡದ ರೋಗಿಗಳು ಬಂದಾಗ ಮಾನಸಿಕ ವಿಭಾಗದ ವೈದ್ಯರು ನನ್ನನ್ನು ಕರೆಸುತ್ತಿದ್ದರು. ಅವರು ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಬೇಕು, ಆ ಹೆಂಗಸು ಹೇಳಿದ್ದನ್ನು ಮರಾಠಿಯಲ್ಲಿ ಹೇಳಬೇಕು. ಹೆಂಗಸು ಹತ್ತು ನಿಮಿಷ ಮಾತಾಡಿರುತ್ತಿದ್ದಳು. ನಾನು ತಿರುಗಿಸಿ ಮುಗಿಸುವಷ್ಟರಲ್ಲಿ ಅದು ಎರಡು ಸಾಲಾಗಿರುತ್ತಿತ್ತು. ಉಳಿದ ಮಾತು ಎಲ್ಲಿ ಹೋಯಿತು ಎಂಬ ಪ್ರಶ್ನೆ ಅವತ್ತಿನಿಂದ ನನ್ನ ಬೆನ್ನು ಬಿಡಲಿಲ್ಲ. ಎಂ.ಎ. ಮುಗಿಸಿ, ಶಾಲೆಯಲ್ಲಿ ಕೆಲಸ ಹಿಡಿದು, ನಲವತ್ತಕ್ಕೆ ಎರಡು ವರ್ಷ ಕಡಿಮೆ ಇರುವಾಗ ಡಾಕ್ಟರೇಟಿಗೆ ಸೇರಿದ್ದು ಆ ಪ್ರಶ್ನೆಗಾಗಿಯೇ.

ನನ್ನ ವಿಷಯ, ಹಡಪಸರದ ದೊಡ್ಡ ದೊಡ್ಡ ಸೊಸಾಯಿಟಿಗಳಲ್ಲಿ ಮನೆಗೆಲಸ ಮಾಡುವ, ಉತ್ತರ ಕರ್ನಾಟಕದಿಂದ ಬಂದ ಹೆಂಗಸರ ಮನಸ್ಸಿನ ದಣಿವು. ಪುಣೆಯಲ್ಲಿ ಅವರನ್ನೆಲ್ಲ ಮಾವಶಿ ಎನ್ನುತ್ತಾರೆ. ಚಿಕ್ಕಮ್ಮ ಅಂತ ಅರ್ಥ. ಚಿಕ್ಕಮ್ಮನ ಮನಸ್ಸು ಹೇಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ ಎಂದು ಹೊರಟೆ.

ಕೇಳಲು ಒಂದು ಪ್ರಶ್ನಾವಳಿ ಬೇಕು. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಇಲ್ಲವೇ ಇಲ್ಲ, ಒಮ್ಮೊಮ್ಮೆ, ಬಹಳ ಸಲ, ಯಾವಾಗಲೂ. ಗೈಡ್ ಜೊತೆ ಕೂತು ಇಂಗ್ಲಿಷಿನಲ್ಲಿ ಕಟ್ಟಿದ ಅದನ್ನು ನಾನು ಕನ್ನಡಕ್ಕೆ ತಂದೆ. ಆಮೇಲೆ ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ತಿರುಗಿ ಇಂಗ್ಲಿಷ್ ಮಾಡಬೇಕು. ಎರಡು ಇಂಗ್ಲಿಷೂ ಒಂದಕ್ಕೊಂದು ಕೂಡಿದರೆ ಅನುವಾದ ಸರಿ ಎಂದು ಲೆಕ್ಕ. ಇದು ನಮ್ಮ ಕಸುಬಿನ ನಿಯಮ.

ಮನಸ್ಸು ನಿರಾಳವಾಗಿರುವುದು, ಹಗುರಾಗಿರುವುದು ಎಂಬ ಅರ್ಥ ಆರು ಪ್ರಶ್ನೆಗಳಲ್ಲಿ ಬರುತ್ತಿತ್ತು. ಪ್ರಶ್ನಾವಳಿಯ ಜೀವಾಳವೇ ಆ ಆರು. ನಿಘಂಟು ತೆರೆದರೆ ಪ್ರಶಾಂತತೆ, ನಿರುದ್ವಿಗ್ನತೆ ಎಂಬಂಥ ಪದಗಳಿದ್ದವು. ಭಾಂಡಿ ತಿಕ್ಕಿ ಬಂದ ಹೆಂಗಸಿನ ಮುಂದೆ ನಿರುದ್ವಿಗ್ನತೆ ಎಂದರೆ ಎದ್ದು ಹೋಗುತ್ತಾಳೆ. ನನ್ನ ಜನ ಅವರು, ಅವರ ಮಾತು ನನ್ನ ಬಾಯಲ್ಲೇ ಇದೆ ಎಂಬ ಗುಂಗಿನಲ್ಲಿ 'ಆರಾಮ' ಎಂದು ಬರೆದೆ. 'ನನಗೆ ಆರಾಮ ಇಲ್ಲ ಎನಿಸಿತು', 'ಕೆಲಸ ಮುಗಿದ ಮೇಲೂ ಆರಾಮ ಇರಲಿಲ್ಲ' ಹೀಗೆ ಆರು ಕಡೆ. ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮನೆಮಾತಿನ ಪದ ಹಾಕುವ ಧೈರ್ಯ ದೊಡ್ಡ ಕಾಲೇಜಿನಲ್ಲಿ ಓದಿದವರಿಗೆ ಬರುತ್ತಿತ್ತೇ ಎಂದುಕೊಂಡೆ.

ತಿರುಗಿ ಇಂಗ್ಲಿಷ್ ಮಾಡಿದ್ದು ನಮ್ಮ ಮೇಲಿನ ಮಹಡಿಯ ಹುಡುಗಿ. ಮಂಡ್ಯದವಳು, ಇಲ್ಲಿಯೇ ಐಟಿ ಕಂಪನಿಯಲ್ಲಿ ಕೆಲಸ, ಅವ್ವನ ರೊಟ್ಟಿಗೆ ವಾರಕ್ಕೆ ಮೂರು ದಿನದ ಗಿರಾಕಿ. ಒಂದು ಭಾನುವಾರ ನಮ್ಮ ಮನೆಯಲ್ಲೇ ಕೂತು ಅಚ್ಚುಕಟ್ಟಾಗಿ ಮಾಡಿಕೊಟ್ಟಳು. 'ಆರಾಮ ಇಲ್ಲ' ಬಂದಲ್ಲೆಲ್ಲ 'ರಿಲ್ಯಾಕ್ಸ್ ಆಗಿಲ್ಲ' ಎಂಬ ಅರ್ಥದ ಇಂಗ್ಲಿಷ್. ಮೂಲಕ್ಕೆ ಅಕ್ಷರ ಅಕ್ಷರ ಕೂಡಿತು. ಪರೀಕ್ಷೆಗೆಂದು ಐದು ಜನ ಕನ್ನಡದ ಹೆಂಗಸರಿಂದ ತುಂಬಿಸಿದೆ. ಅವರೂ ಅವಳ ಗೆಳತಿಯರೇ, ಬೆಂಗಳೂರು ಮೈಸೂರಿನವರು. ಐದೂ ಜನ ಟಕಟಕ ಗುರುತು ಹಾಕಿ ಕೊಟ್ಟರು. ಗೈಡ್ ಒಪ್ಪಿದರು, ವಿಶ್ವವಿದ್ಯಾಲಯದ ಸಮಿತಿ ಒಪ್ಪಿತು. ನಾನು ಫಾರಂಗಳ ಕಟ್ಟು ಹಿಡಿದು ಸೊಸಾಯಿಟಿಗಳ ಪಾರ್ಕಿಂಗ್‌ಗೆ ಇಳಿದೆ.

ಮಧ್ಯಾಹ್ನ ಒಂದೂವರೆಗೆ ಹೆಂಗಸರು ಬುತ್ತಿ ಬಿಚ್ಚುವುದು ಅಲ್ಲಿಯೇ, ಕಾರುಗಳ ನಡುವಿನ ನೆರಳಿನಲ್ಲಿ. ಶನಿವಾರ ಶಾಲೆ ಅರ್ಧ ದಿನ. ಸುಮಾರು ಒಂದೂವರೆ ವರ್ಷ ನನ್ನ ಶನಿವಾರಗಳೆಲ್ಲ ಪಾರ್ಕಿಂಗ್‌ಗಳಲ್ಲಿ ಕಳೆದವು. ಓದಲು ಬಾರದವರಿಗೆ ನಾನೇ ಓದಿ ಹೇಳಿ ಗುರುತು ಹಾಕಿಕೊಳ್ಳುತ್ತಿದ್ದೆ. ಯಾರಾದರೂ ಏನಾದರೂ ಬಿಡಿಸಿ ಹೇಳಿದರೆ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆ. ತೊಂಬತ್ತಕ್ಕೂ ಹೆಚ್ಚು ಫಾರಂ ಆದವು. ಬಹುತೇಕ ಎಲ್ಲರದೂ ಆ ಆರು ಪ್ರಶ್ನೆಗೆ ಒಂದೇ ಉತ್ತರ: ಇಲ್ಲವೇ ಇಲ್ಲ. ಎಲ್ಲರೂ ಆರಾಮ. ಎಂಥ ಗಟ್ಟಿ ಹೆಂಗಸರಪ್ಪ ಎಂದು ನನಗೆ ಅಭಿಮಾನವೂ ಆಗಿತ್ತು. ಆ ಗಟ್ಟಿತನದ ಮೇಲೆ ಒಂದು ಅಧ್ಯಾಯವನ್ನೇ ಬರೆಯತೊಡಗಿದ್ದೆ.

ಆಗ ಸಿಕ್ಕವಳು ಸಿಂದಗಿ ಕಡೆಯ ಒಬ್ಬ ಅಕ್ಕ. ಐವತ್ತರ ಆಚೀಚೆ, ಐದು ಮನೆಗಳ ಕೆಲಸ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಉಣ್ಣುತ್ತಿದ್ದಳು.

"ಹದಿನೈದ ದಿನದಾಗ ಆರಾಮ ಇಲ್ಲ ಅಂತ ಎಷ್ಟ ಸಲ ಅನಿಸ್ತರಿ ಅಕ್ಕಾರ?" ಎಂದು ಕೇಳಿದೆ.

"ಒಮ್ಮೀನೂ ಇಲ್ಲವಾ."

"ಒಮ್ಮೀನೂ?"

"ನನಗೇನ ಧಾಡಿ ಆಗೇದ? ಕಲ್ಲ ಇದ್ದಂಗ ಅದೀನಿ. ಬರ್ಕೋ, ಬರ್ಕೋ."

ಬರೆದುಕೊಂಡೆ. ಇಪ್ಪತ್ತೂ ಮುಗಿದವು. ಅವಳು ನಳದ ಕೆಳಗೆ ಡಬ್ಬಿ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ನಿನ್ನ ಫಾರಂ ಮುಗೀತಲ್ಲ? ಇನ್ನ ನಂದೊಂದ ಕೇಳ್ತೀನಿ. ನೀ ಕಲ್ತಾಕಿ ಇದ್ದಿ. ಇದಕ್ಕೇನರ ಔಷಧ ಅದೇನ ನೋಡು. ಕೆಲಸ ಮುಗಿಸಿ ಹಿಂಗ ಕುಂಡ್ರತೀನಲ್ಲ, ಜೀವ ನಿಂದ್ರವಲ್ದು. ಕುಂತ್ರೂ ನಿಂದ್ರವಲ್ದು, ಉಂಡ್ರೂ ನಿಂದ್ರವಲ್ದು. ಯಾರ ಮನಿ ನಳ ಬಿಟ್ಟ ಬಂದೀನೋ, ಯಾರ ಮನಿ ಗ್ಯಾಸ್ ಹಂಗೇ ಅದನೋ ಅಂತ ಓಡ್ತದ. ಹೋಗಿ ನೋಡಿದ್ರ ಎಲ್ಲಾ ಬಂದ್ ಇರ್ತದ. ಮತ್ತ ಬಂದ ಕುಂಡ್ರತೀನಿ, ಮತ್ತ ಓಡ್ತದ."

"ಎಷ್ಟ ದಿನ ಆತ್ರಿ ಇದು?"

"ಮಗಳ ಲಗ್ನ ಆದಾಗಿಂದ. ಮೂರ ವರ್ಷ."

"ಮತ್ತ ಈಗ ನಾ ಕೇಳಿದಾಗ ಆರಾಮ ಅಂದ್ರಲ್ಲರಿ?"

ಅವಳು ತಿರುಗಿ, ದಡ್ಡ ಕೂಸನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ಆರಾಮನ ಅದೀನಲ್ಲ. ಜ್ವರ ಇಲ್ಲ, ಕೆಮ್ಮ ಇಲ್ಲ. ನೀ ಆರಾಮ ಕೇಳಿದಿ. ಜೀವದ ಮಾತು ಎಲ್ಲಿ ಕೇಳಿದಿ?"

ಡಬ್ಬಿಯ ನೀರು ಝಾಡಿಸಿ ಅವಳು ಮೇಲೆ ಹೋದಳು.

ನಮ್ಮ ಕಡೆ ಆರಾಮ ಇಲ್ಲ ಅಂದರೆ ಜ್ವರ. ಅಥವಾ ಕೆಮ್ಮು, ವಾಂತಿ, ಮುರಿದ ಕೈ. ಹಾಸಿಗೆ ಹಿಡಿಸುವ ಏನೋ ಒಂದು. ಅದಿಲ್ಲದಿದ್ದರೆ ಆರಾಮ. ಎದೆಯೊಳಗೆ ಏನೇ ಕುದಿಯುತ್ತಿರಲಿ, ಜೀವ ಒಂದೆಡೆ ನಿಲ್ಲದೆ ಓಡುತ್ತಿರಲಿ, ಎದುರಿಗೆ ಸಿಕ್ಕವರು ಆರಾಮ ಏನ್ರಿ ಎಂದರೆ ಆರಾಮ್ರಿ ಎನ್ನುವುದು ರೂಢಿ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿಲ್ಲದೆ ಏನು. ಆಸ್ಪತ್ರೆಯ ಖಿಡಕಿಯಲ್ಲಿ ಕೂತಿದ್ದಾಗ ಯಾರಾದರೂ 'ಆರಾಮ ಇಲ್ರಿ' ಎಂದರೆ ತಲೆ ಎತ್ತದೆ ಸಾಮಾನ್ಯ ಕಾಯಿಲೆಯ ಸಾಲಿಗೆ ಚೀಟಿ ಹರಿಯುತ್ತಿದ್ದವಳು ನಾನೇ. ಇಪ್ಪತ್ತರ ಹುಡುಗಿಗೆ ಗೊತ್ತಿದ್ದದ್ದು ಪ್ರಶ್ನಾವಳಿ ಬರೆಯುವ ಹೊತ್ತಿಗೆ ನನಗೆ ಮರೆತುಹೋಗಿತ್ತು.

ಮನೆಗೆ ಬಂದು ಫಾರಂಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿದೆ. ಆರಾಮ ಇಲ್ಲ ಎಂದು ಹೇಳಿದ ಕೆಲವೇ ಕೆಲವರನ್ನು ಬೇರೆ ಮಾಡಿದೆ. ಅಂಚಿನಲ್ಲಿ ನನ್ನದೇ ಕೈಬರಹ: 'ಟೈಫಾಯ್ಡ್, ಎಂಟು ದಿನ ರಜೆ.' 'ಮೊಣಕಾಲು ಬಾವು.' 'ಹಲ್ಲು ಕೀಳಿಸಿದ್ದು.' ಅವರು ಒಬ್ಬೊಬ್ಬರಾಗಿ ಉತ್ತರ ಹೇಳಿಯೇ ಇದ್ದರು. ನಾನು ಬರೆದುಕೊಂಡು, ಓದದೆ, ಕಟ್ಟು ಕಟ್ಟಿ ಇಟ್ಟಿದ್ದೆ. ನನ್ನ ಕೈಯಲ್ಲಿದ್ದದ್ದು ಮನಸ್ಸಿನ ದಣಿವಿನ ಅಧ್ಯಯನವಲ್ಲ, ಹಡಪಸರದಲ್ಲಿ ಯಾರಿಗೆ ಜ್ವರ ಬಂದಿತ್ತು ಎಂಬ ಪಟ್ಟಿ.

ಅವ್ವ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. "ಯಾಕ, ಮಾರಿ ಇಷ್ಟ ಸಣ್ಣ ಆಗೇದ?"

ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ನನ್ನ ಮಗಳ! ಇಷ್ಟ ಓದಿ, ಆರಾಮ ಇಲ್ಲಂದ್ರ ಜಡ್ಡು ಅಂತ ತಿಳೀಲಿಲ್ಲ ನಿನಗ? ಪರದೇಶದಾಕಿನ್ನ ಕೇಳ್ದಿ, ಮ್ಯಾಲಿನ ಹುಡುಗಿನ್ನ ಕೇಳ್ದಿ. ನಾ ಇಲ್ಲೇ ಪರದೆ ಹಿಂದ ಇದ್ನಲ್ಲ, ನನ್ನ ಕೇಳಿದ್ರ ಏನ ಆಗ್ತಿತ್ತು?"

ಏನೂ ಆಗುತ್ತಿರಲಿಲ್ಲ, ಎರಡು ವರ್ಷ ಉಳಿಯುತ್ತಿತ್ತು. ನಾನು ಅವಳನ್ನು ಕೇಳಿರಲಿಲ್ಲ, ಅಷ್ಟೇ.

ಮೇಲಿನ ಮಹಡಿಯ ಹುಡುಗಿ ರೊಟ್ಟಿಗೆ ಬಂದಳು. ಅವಳಿಗೆ ವಿಷಯ ಗೊತ್ತಾಗಿ ಗಾಬರಿಯಾಯಿತು. "ಅಕ್ಕಾ, ನಾನ್ ಮಾಡಿದ್ದು ಕರೆಕ್ಟೇ ಅಲ್ವಾ? ಆರಾಮ್ ಅಂದ್ರೆ ರಿಲ್ಯಾಕ್ಸ್ ತಾನೇ?"

"ನಿಮ್ಮೂರಾಗ ಕರೆಕ್ಟ್ ಅದ. ನಿಂದೇನ ತಪ್ಪಿಲ್ಲ."

"ಮತ್ತೆ? ಪೇಪರ್ ಪ್ರಕಾರ ಎಲ್ಲಾ ಕ್ಲಿಯರ್ ಇದೆ. ನನ್ ಸೈನ್ ಇದೆ, ಅವ್ರ ಅಪ್ರೂವಲ್ ಇದೆ. ಸುಮ್ನೆ ಸಬ್‌ಮಿಟ್ ಮಾಡ್ಬಿಡಿ ಅಕ್ಕ. ಆ ಕಮಿಟೀಲಿ ಯಾರಿಗ್ ಕನ್ನಡ ಬರುತ್ತೆ ಹೇಳಿ?"

"ಅದೇ ಪಂಚಾಯ್ತಿ ನೋಡವಾ. ಅಲ್ಲಿ ಕನ್ನಡ ಬರೂದು ನನಗೊಬ್ಬಾಕಿಗೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗೇ ಕಳಿಸಿದ್ದರೆ ಹಿಡಿಯುವವರು ಯಾರೂ ಇರಲಿಲ್ಲ. ಹೇಳಿದರೆ ಮಾತ್ರ ಅಪಾಯ. ಇನ್ನೆರಡು ತಿಂಗಳಿಗೆ ನನ್ನ ಪ್ರಗತಿಯ ಪರಿಶೀಲನೆ ಇತ್ತು. ಅವ್ವನ ಪಿತ್ತಕೋಶದ ಆಪರೇಷನ್ ಆದಾಗ ಒಂದು ಸಲ ಅವಧಿ ಮುಂದಕ್ಕೆ ಹಾಕಿಸಿಕೊಂಡಿದ್ದೆ. ಇನ್ನೊಮ್ಮೆ ಕೇಳಿದರೆ ಕೊಡಲೇಬೇಕೆಂದಿಲ್ಲ, ಹೆಸರು ತೆಗೆಯಬಹುದು ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಂದರೆ ಡಾಕ್ಟರೇಟ್ ಅಲ್ಲಿಗೇ ಮುಗಿಯುತ್ತದೆ. ನಾನು ಅದನ್ನೆಲ್ಲ ಲೆಕ್ಕ ಹಾಕಿದೆ. ಲೆಕ್ಕ ಹಾಕಿಯೂ ಹೇಳುವುದೆಂದೇ ತೀರ್ಮಾನಿಸಿದೆ, ಅದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಐದು ಮನೆಯ ಭಾಂಡಿ ತಿಕ್ಕಿ, ಊಟ ಬಿಟ್ಟು ನನಗೆ ಉತ್ತರ ಕೊಟ್ಟವರನ್ನು 'ಆರಾಮ ಇದ್ದಾರೆ' ಎಂದು ಪುಸ್ತಕದಲ್ಲಿ ಬರೆದು ನನ್ನ ಹೆಸರಿನ ಹಿಂದೆ ಡಾಕ್ಟರ್ ಸೇರಿಸಿಕೊಂಡರೆ, ಆ ಪಾರ್ಕಿಂಗ್ ಮುಂದೆ ನಾನು ಹೇಗೆ ಹಾದುಹೋಗಲಿ?

ಗೈಡ್ ತಮ್ಮನ್ನು ಹೆಸರು ಹಿಡಿದು ಕರೆಯಿರಿ ಎಂದು ಮೊದಲ ದಿನವೇ ಹೇಳಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕಲಿಸುವವರು, ಹೆಸರು ಹಿಡಿಯಲು ನನ್ನ ನಾಲಿಗೆ ಏಳಲಿಲ್ಲ. ಮ್ಯಾಡಂ ಎಂದರೆ ಅವರಿಗೆ ಮುಜುಗರ. ಹೀಗಾಗಿ ಅಷ್ಟು ವರ್ಷವೂ ಅವರನ್ನು ಏನೂ ಕರೆಯದೆ ಮಾತಾಡುತ್ತಿದ್ದೆ. ಅವತ್ತು ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಅವರ ಮುಖ ಕಂಡ ಕೂಡಲೇ "ಮ್ಯಾಡಂ" ಎಂದುಬಿಟ್ಟೆ. ಅವರು ಚಹಾದ ಲೋಟ ಕೆಳಗಿಟ್ಟರು.

ಎಲ್ಲ ಹೇಳಿದೆ.

"ಇದನ್ನು ಯಾರು ಕಂಡುಹಿಡಿದರು?" ಎಂದು ಕೇಳಿದರು.

"ನಾನು ಕೇಳಿದ ಹೆಂಗಸು."

"ಸಮಿತಿ ನಿಮ್ಮನ್ನು ಇಲ್ಲಿಗೇ ನಿಲ್ಲಿಸಬಹುದು. ನಾನು ತಡೆಯಲಾರೆ. ಗೊತ್ತಿದೆಯೇ?"

"ಗೊತ್ತಿದೆ."

"ಹಾಗಾದರೆ ಪೂರ್ತಿ ಬರೆದು ಕಳಿಸಿ. ಅಂಚಿನ ಟಿಪ್ಪಣಿಗಳ ಸಮೇತ. ಆ ಹೆಂಗಸು ಹೇಳಿದ್ದು ಅವಳದೇ ಮಾತಿನಲ್ಲಿ ಇರಲಿ." ಆಮೇಲೆ, "ಇನ್ನು ಮುಂದೆ ಮ್ಯಾಡಂ ಎಂದೇ ಕರೆಯಿರಿ. ಏನೂ ಕರೆಯದೆ ಇರುವುದಕ್ಕಿಂತ ಅದೇ ವಾಸಿ" ಎಂದರು.

ಪರಿಶೀಲನೆಯ ದಿನ ಅವ್ವ ರೊಟ್ಟಿ ಬಡಿಯಲಿಲ್ಲ. ಸದ್ದಾದೀತು ಎಂದು ಕೈ ಕಟ್ಟಿಕೊಂಡು ಪರದೆಯ ಹಿಂದೆ ಕೂತಿದ್ದಳು. ಆ ಮೌನವೇ ನನಗೆ ಹೆಚ್ಚು ತೊಂದರೆ ಕೊಟ್ಟಿತು. ಮೂರು ಚೌಕಗಳಲ್ಲಿ ಮೂರು ಮುಖ, ನಾಲ್ಕನೆಯದರಲ್ಲಿ ನನ್ನ ಗೈಡ್. ಮೂವರಲ್ಲಿ ಹಿರಿಯರು, ಕನ್ನಡಕ ಹಣೆಗೇರಿಸಿಕೊಂಡಿದ್ದವರು, ನೇರವಾಗಿ ಕೇಳಿದರು, "ಇದು ನಿಮ್ಮ ತಾಯಿನುಡಿ. ಅದು ಹೇಗೆ ನಿಮಗೇ ಗೊತ್ತಾಗಲಿಲ್ಲ?"

ಬಾಯಿಗೆ ಬಂದದ್ದನ್ನು ಹೇಳಿದೆ. "ನನಗೆ ಎಲ್ಲ ಗೊತ್ತಿದೆ ಅಂದುಕೊಂಡದ್ದಕ್ಕೇ ಯಾರನ್ನೂ ಕೇಳಲಿಲ್ಲ. ಬೇರೆ ಭಾಷೆಯವರಾಗಿದ್ದರೆ ಹತ್ತು ಜನರನ್ನು ಕೇಳಿರುತ್ತಿದ್ದರು. ಈಗ ಎರಡನೇ ಸಲ ಮಾಡಲು ಅವಕಾಶ ಕೊಟ್ಟರೆ ಪ್ರತಿ ಪ್ರಶ್ನೆಯನ್ನೂ ಆ ಹೆಂಗಸರಿಂದಲೇ ಒಪ್ಪಿಗೆ ಪಡೆದು ಕೇಳುತ್ತೇನೆ. ಕೊಡದಿದ್ದರೂ ಕೇಳುತ್ತೇನೆ, ನಿಮಗೆ ಕಳಿಸುವುದಿಲ್ಲ ಅಷ್ಟೇ."

ಕೊನೆಯ ವಾಕ್ಯ ಸ್ವಲ್ಪ ಜೋರಾಯಿತು. ಒಬ್ಬರು ನಕ್ಕರು, ಹಿರಿಯರು ನಗಲಿಲ್ಲ. ಮೂರು ವಾರದೊಳಗೆ ಬರವಣಿಗೆಯಲ್ಲಿ ತಿಳಿಸುತ್ತೇವೆ ಎಂದು ಚೌಕಗಳು ಒಂದೊಂದಾಗಿ ಆರಿದವು. ಪರದೆಯ ಹಿಂದಿನಿಂದ ಅವ್ವ ಕೇಳಿದಳು, "ಬಡೀಲೇನ?"

"ಬಡಿ" ಎಂದೆ.

ಆ ಮೂರು ವಾರ ನಾನು ಸುಮ್ಮನೆ ಕೂರಲಿಲ್ಲ. ಆರು ಪ್ರಶ್ನೆಗಳನ್ನೂ ಕಿತ್ತು ಹೊಸದಾಗಿ ಬರೆದೆ. ಆರಾಮ ಪೂರ್ತಿ ಹೊರಗೆ. ಬರೆದ ಪ್ರತಿಯೊಂದನ್ನೂ ಮೊದಲು ಅವ್ವನ ಮುಂದೆ ಗಟ್ಟಿಯಾಗಿ ಓದಿದೆ. ಅವಳು ರೊಟ್ಟಿ ತಿರುವಿಹಾಕುತ್ತ ತೀರ್ಪು ಕೊಡುತ್ತಿದ್ದಳು: "ಇದು ತಿಳೀತದ." "ಇದು ಪುರಾಣ ಹೇಳಿದಂಗ ಅದ, ತಗಿ." "ಇದನ್ನ ಯಾರಿಗೂ ಕೇಳಬ್ಯಾಡ, ಬೈತಾರ." ಒಂದು ಬೆಳಿಗ್ಗೆ ಓದಿದೆ: "ಕೆಲಸ ಮುಗಿಸಿ ಕುಂತಾಗ ಜೀವ ನಿಂದ್ರವಲ್ದು ಅಂತ ಎಷ್ಟ ಸಲ ಅನಿಸ್ತು?"

ಅವ್ವನ ಕೈ ತಟ್ಟೆಯ ಮೇಲೆ ನಿಂತಿತು. "ನಾ ಹೇಳಿದ್ದು ನಿನ್ನ ಪುಸ್ತಕದಾಗ ಹೋಗ್ತದೇನ?"

"ಇಲ್ಲವ್ವ. ನೀ ನನ್ನ ಅವ್ವ ಇದ್ದಿ. ನಿಂದು ಲೆಕ್ಕಕ್ಕ ಬರೂದಿಲ್ಲ."

"ಲೆಕ್ಕಕ್ಕ ಬರೂದಿಲ್ಲಂದ್ರ ಖರೇನ ಹೇಳ್ತೀನಿ. ದಿನಾ."

"ದಿನಾ? ಯಾವಾಗಿಂದ?"

"ಆ ಮೂರ ಮಂದಿ ಮುಂದ ನೀ ಕುಂತ ಎದ್ದಿಯಲ್ಲ, ಅವತ್ತಿಂದ. ತವಾ ಮ್ಯಾಲ ರೊಟ್ಟಿ ಹಾಕಿ ಮರೀತೀನಿ. ನಿನ್ನೆ ಎರಡ ಕರಕಲ ಆದ್ವು, ನೀ ನೋಡಲಿಲ್ಲ."

ಆ ದಿನಗಳಲ್ಲಿ ದಿನಾ ಬೆಳಿಗ್ಗೆ ಎದ್ದವಳೇ ನಾನು ಅವಳನ್ನು ಕೇಳುತ್ತಿದ್ದೆ, ಆರಾಮ ಏನವ್ವ? ಅವಳು ದಿನಾ ಹೇಳುತ್ತಿದ್ದಳು, ಆರಾಮ. ಇಬ್ಬರೂ ಸುಳ್ಳಾಡಿರಲಿಲ್ಲ. ಫಾರಂ ಬದಿಗಿಟ್ಟು ನಾನು ಹಿಟ್ಟಿಗೆ ಕೈ ಹಾಕಿದೆ. ನನ್ನ ರೊಟ್ಟಿ ಎಂದೂ ದುಂಡಗೆ ಬರುವುದಿಲ್ಲ. ಅವ್ವ ಅದನ್ನು ನೋಡಿ, "ಇದನ್ನ ಗಿರಾಕಿಗೆ ಕೊಡಬ್ಯಾಡ, ನೀನ ತಿನ್ನು" ಎಂದಳು.

ಪತ್ರ ಬಂದಾಗ ನಾನು ಪಿಎಂಟಿಯ ಸಿಟಿ ಬಸ್ಸಿನಲ್ಲಿದ್ದೆ. ಬಸ್ಸು ಗಾಡಿತಳದ ಟ್ರಾಫಿಕ್ಕಿನಲ್ಲಿ ನಿಂತು ಇಪ್ಪತ್ತು ನಿಮಿಷವಾಗಿತ್ತು. ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಫೋನು. ಮೊದಲ ಸಾಲನ್ನು ಬಿಟ್ಟು ಕೆಳಗಿನಿಂದ ಓದತೊಡಗಿದೆ, ಕೆಟ್ಟ ಸುದ್ದಿ ಕೊನೆಯಲ್ಲಿರುತ್ತದೆ ಎಂಬ ಲೆಕ್ಕದಲ್ಲಿ. ಕೊನೆಯಲ್ಲಿ ಶುಭಾಶಯ ಇತ್ತು. ಮೇಲಕ್ಕೆ ಹೋದೆ. ಒಂಬತ್ತು ತಿಂಗಳ ಅವಧಿ, ಇದೇ ಕೊನೆ, ಮತ್ತೆ ಕೇಳುವಂತಿಲ್ಲ. ಹಳೆಯ ಫಾರಂಗಳನ್ನು ಎಸೆಯಬಾರದು, ಅವುಗಳ ತಪ್ಪನ್ನು ಒಂದು ಅಧ್ಯಾಯವಾಗಿ ಬರೆಯಬೇಕು. ಹೊಸ ಪ್ರಶ್ನೆಗಳನ್ನು ಕೆಲಸದ ಹೆಂಗಸರೇ ಕೇಳಿ ಒಪ್ಪಬೇಕು. ಪಕ್ಕದಲ್ಲಿ ನಿಂತಿದ್ದ ಅಜ್ಜಿ ನನ್ನ ಮುಖ ನೋಡಿ ಮರಾಠಿಯಲ್ಲಿ ಕೇಳಿದಳು, "ಕಾಯ್ ಝಾಲಂ ಗಂ?" ಏನಾಯಿತೇ ಅಂತ. "ಪಾಸ್ ಝಾಲೇ" ಎಂದೆ. ಪಾಸಾಗಿರಲಿಲ್ಲ, ಪರೀಕ್ಷೆಗೆ ಕೂರಲು ಬಿಟ್ಟಿದ್ದರು ಅಷ್ಟೇ. ಆದರೆ ಬಸ್ಸಿನಲ್ಲಿ ಅಷ್ಟು ಬಿಡಿಸಿ ಹೇಳಲು ಆಗುವುದಿಲ್ಲ.

ಒಂಬತ್ತು ತಿಂಗಳು ಕಡಿಮೆಯೇ. ಶನಿವಾರಗಳು ಸಾಲುವುದಿಲ್ಲ, ಭಾನುವಾರವನ್ನೂ ಸೇರಿಸಿಕೊಂಡಿದ್ದೇನೆ. ಆಗುತ್ತದೆ. ಇದಕ್ಕಿಂತ ಇಕ್ಕಟ್ಟಿನಲ್ಲಿ ಬಿ.ಎ. ಮಾಡಿದವಳು ನಾನು.

ಹೊಸ ಫಾರಂ ಹಿಡಿದು ಮೊದಲು ಹೋದದ್ದು ಸಿಂದಗಿಯ ಅಕ್ಕನ ಹತ್ತಿರವೇ. ಅದೇ ಮೆಟ್ಟಿಲು, ಅದೇ ಡಬ್ಬಿ.

"ಮತ್ತ ಬಂದ್ಯಾ? ಹೋದ ಸಲ ಎಲ್ಲಾ ಹೇಳೀನಲ್ಲ."

"ಹೋದ ಸಲ ನಾ ತಪ್ಪ ಕೇಳಿದ್ನಿರಿ. ಈ ಸಲ ನಿಮಗ ಓದಿ ತೋರಸ್ತೀನಿ. ಸರಿ ಇಲ್ಲಂದ್ರ ಸರಿ ಇಲ್ಲಂತ ಹೇಳ್ರಿ."

"ಓದು."

ಮೂರನೆಯ ಪ್ರಶ್ನೆಗೆ ಬಂದೆ. ಕೆಲಸ ಮುಗಿಸಿ ಕುಂತಾಗ ಜೀವ ನಿಂದ್ರವಲ್ದು ಅಂತ ಎಷ್ಟ ಸಲ ಅನಿಸ್ತು. ಅವಳು ತುತ್ತು ಹಿಡಿದ ಕೈಯನ್ನು ಡಬ್ಬಿಗೆ ಇಳಿಸಿ, ಕಾಗದವನ್ನು ನನ್ನಿಂದ ಕಸಿದುಕೊಂಡಳು. ಓದಲು ಬರುವುದಿಲ್ಲ ಅವಳಿಗೆ. ಆದರೂ ಸಾಲಿನ ಮೇಲೆ ಬೆರಳು ಆಡಿಸಿದಳು.

"ಇಲ್ಲಿ ಹಿಂಗ ಬರದದೇನ? ಅಚ್ಚಿನಾಗ?"

"ಹೌದ್ರಿ."

"ಇದನ್ನ ಯಾರ ಹೇಳಿದ್ರು ನಿನಗ?"

"ನೀವ ಹೇಳೀರಿ. ನಳದ ಮುಂದ."

ಅವಳು ಕಾಗದವನ್ನು ತಿರುಗಿ ನನ್ನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಾಲು ಮಡಚಿ ಸರಿಯಾಗಿ ಕೂತಳು. "ಬರ್ಕೋ ಹಂಗಾರ" ಎಂದಳು. "ಸಾವಕಾಶ ಬರ್ಕೋ. ಭಾಳ ಅದ."